ಲಿಕ್ವಿಡ್ ಗ್ಲಾಸ್ ಬಳಿದರೆ ಬಾತ್‌ರೂಮ್ ಸೋರುವುದು ನಿಲ್ಲುತ್ತದಾ?

ಪ್ರಶ್ನೆ: ನಮ್ಮ ಬಾತ್‌ರೂಮಿನಿಂದ ಕೆಳಗಿನ ಮನೆಯ ಸೀಲಿಂಗಿಗೆ ನೀರು ಜಿನುಗುತ್ತಿದೆ. ಟೈಲ್ಸ್ ಎಲ್ಲಾ ಕೀಳಬೇಕು ಅನ್ನುತ್ತಾರೆ ಮೇಸ್ತ್ರಿ. ಮೊಬೈಲಿನಲ್ಲಿ ನೋಡಿದರೆ ದಿನಾ ‘ಲಿಕ್ವಿಡ್ ಗ್ಲಾಸ್’ ಜಾಹೀರಾತು. ಟೈಲ್ಸ್ ಮೇಲೆ ಬ್ರಷ್‌ನಲ್ಲಿ ಬಳಿದರೆ ಸಾಕಂತೆ. ನಂಬಬಹುದಾ?

ಉತ್ತರ: ನೀರು ಟೈಲ್ಸ್ ಸಂದಿಯಿಂದ ಇಳಿಯುತ್ತಿದ್ದರೆ ಒಂದಷ್ಟು ನಂಬಬಹುದು. ಪೈಪಿನಿಂದ ಇಳಿಯುತ್ತಿದ್ದರೆ ಡಬ್ಬಿಗೆ ಕೊಟ್ಟ ದುಡ್ಡು ದಂಡ. ಅದಕ್ಕಿಂತ ಮೊದಲು ಡಬ್ಬಿಯ ಒಳಗೆ ಇರುವುದೇನು ಅಂತ ನೋಡಿ. ಒಂದೇ ಹೆಸರಿನಲ್ಲಿ ಅಂಗಡಿಯಲ್ಲಿ ಮೂರು ಬೇರೆ ಬೇರೆ ಸಾಮಾನು ಸಿಗುತ್ತವೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಈ ಹೆಸರಿನ ನಿಜವಾದ ವಾರಸುದಾರ ಸೋಡಿಯಂ ಸಿಲಿಕೇಟ್. ಮರಳನ್ನು ಸೋಡಾ ಆ್ಯಶ್ (ಬಟ್ಟೆ ಒಗೆಯುವ ಸೋಡಾ) ಜೊತೆ ಸಾವಿರ ಡಿಗ್ರಿಗೂ ಜಾಸ್ತಿ ಬಿಸಿಯಲ್ಲಿ ಕರಗಿಸಿದರೆ ಬರುವ ಗಾಜು ಇದು. ಕಿಟಕಿಯ ಗಾಜಿನಲ್ಲಿ ಸುಣ್ಣದ ಅಂಶವೂ ಇರುತ್ತದೆ, ಅದಕ್ಕೇ ಅದು ಮಳೆಗೆ ಕರಗುವುದಿಲ್ಲ. ಇದರಲ್ಲಿ ಸುಣ್ಣ ಇಲ್ಲ. ಹಾಗಾಗಿ ನೀರಿನಲ್ಲಿ ಕರಗಿ ಬೆಲ್ಲದ ಪಾಕದಂತೆ ಆಗುತ್ತದೆ. ಜರ್ಮನಿಯ ಯೋಹಾನ್ ನೆಪೊಮುಕ್ ಫಾನ್ ಫುಕ್ಸ್ ಎಂಬ ರಸಾಯನಶಾಸ್ತ್ರಜ್ಞ 1825ರಲ್ಲೇ ಇದರ ಬಗ್ಗೆ ಬರೆದಿದ್ದ. ಫ್ರಿಜ್ ಇಲ್ಲದ ಕಾಲದಲ್ಲಿ ಯುರೋಪ್, ಅಮೆರಿಕದ ಮನೆಗಳಲ್ಲಿ ಇದರ ಒಂದು ಪಾಲಿಗೆ ಸುಮಾರು ಹತ್ತು ಪಾಲು ನೀರು ಬೆರೆಸಿ, ಮೊಟ್ಟೆಗಳನ್ನು ಅದರಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಚಿಪ್ಪಿನ ಸಣ್ಣ ಸಣ್ಣ ತೂತುಗಳು ಮುಚ್ಚಿಹೋಗುತ್ತಿದ್ದವು, ಮೊಟ್ಟೆ ಬೇಗ ಕೆಡುತ್ತಿರಲಿಲ್ಲ.

ಕಾಂಕ್ರೀಟಿನಲ್ಲೂ ಇದು ತೂತು ಮುಚ್ಚುವ ಕೆಲಸವನ್ನೇ ಮಾಡುತ್ತದೆ. ಒಳಗೆ ಇಂಗಿ, ಸಿಮೆಂಟಿನಲ್ಲಿ ಉಳಿದಿರುವ ಸುಣ್ಣದ ಜೊತೆ ಸೇರಿ, ಕರಗದ ಜೆಲ್ ಆಗಿ ಗಟ್ಟಿಯಾಗುತ್ತದೆ. ಗೋಡೌನ್ ನೆಲದಿಂದ ಸಿಮೆಂಟ್ ಧೂಳು ಏಳದ ಹಾಗೆ ಮಾಡಲು ಬಹಳ ಒಳ್ಳೆಯದು. ಆದರೆ ನಿಮ್ಮ ಬಾತ್‌ರೂಮಿನ ಮಿರುಗುವ ಟೈಲ್ಸಿನಲ್ಲಿ ಇಂಗಲು ತೂತೂ ಇಲ್ಲ, ಸೇರಿಕೊಳ್ಳಲು ಸುಣ್ಣವೂ ಇಲ್ಲ. ಮೇಲೇ ಕೂತು ಬಿಳಿ ಪುಡಿಯಾಗಿ ಎದ್ದು ಬರುತ್ತದೆ. ಕಣ್ಣಿಗೆ ಕಾಣುವಷ್ಟು ದೊಡ್ಡ ಬಿರುಕಿದ್ದರಂತೂ ಇದನ್ನು ಮರೆತುಬಿಡಿ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗುವ ತಾರಸಿಯ ಬಿರುಕಿನ ಜೊತೆ ಅದು ಹಿಗ್ಗುವುದಿಲ್ಲ, ಮತ್ತೆ ಸೀಳುತ್ತದೆ.

ಎರಡನೆಯದು ಮೊಬೈಲ್, ಕಾರು, ಶೂಗಳಿಗೆ ಹೊಡೆಯುವ ಸ್ಪ್ರೇ. ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಸಿಲಿಕಾ ಪದರ. ಇದರ ಮೇಲೆ ಬಿದ್ದ ಹನಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉಂಡೆಯಾಗಿ ಉರುಳುತ್ತದೆ. ನೋಡಲು ಚೆಂದ. ಡಬ್ಬಿಯ ಮೇಲೆ 9ಎಚ್ ಗಟ್ಟಿತನ ಅಂತ ಬರೆದಿರುತ್ತಾರೆ, ಅದು ಪೆನ್ಸಿಲ್ ಗೀಚಿ ನೋಡುವ ಪರೀಕ್ಷೆಯ ಅಳತೆ, ವಜ್ರಕ್ಕೆ ಹತ್ತು ಅಂಕ ಕೊಡುವ ಗಟ್ಟಿತನದ ಲೆಕ್ಕ ಅಲ್ಲ. ಉರುಳಿ ಹೋಗುವ ನೀರಿಗೆ ಸರಿ, ನಿಂತ ನೀರಿಗೆ ಇದು ತಡೆಯಲ್ಲ. ಬಾತ್‌ರೂಮಿಗೆ ಬೇಡ.

ಜಾಹೀರಾತಿನಲ್ಲಿ ಟೈಲ್ಸ್ ಮೇಲೆ ಜೇನುತುಪ್ಪದಂತೆ ಸುರಿಯುವುದು ಸಾಮಾನ್ಯವಾಗಿ ಮೂರನೆಯದು, ಪಾಲಿಯುರೆಥೇನ್. ತಮಾಷೆ ಏನೆಂದರೆ ಇದರಲ್ಲಿ ಗಾಜೇ ಇಲ್ಲ! ಇದು ಪಾರದರ್ಶಕ ಪ್ಲಾಸ್ಟಿಕ್ ಪದರ. ಆದರೂ ನಿಮ್ಮ ಕೆಲಸಕ್ಕೆ ಬಂದರೆ ಬರುವುದು ಇದೇ. ಸ್ವಲ್ಪ ಎಳೆದರೂ ಹರಿಯುವುದಿಲ್ಲ, ಟೈಲ್ಸ್ ಸಂದಿಯ ಕೂದಲೆಳೆ ಬಿರುಕುಗಳನ್ನು ಮುಚ್ಚಿಕೊಂಡು ಕೂರುತ್ತದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ದಿನ ಬಾತ್‌ರೂಮ್ ಬಳಸಬೇಡಿ, ಪೂರ್ತಿ ಒಣಗಿರಲಿ. ಆಗಲೂ ಕೆಳಗೆ ಹನಿ ನಿಲ್ಲದಿದ್ದರೆ ನಲ್ಲಿಗೆ ಬರುವ ಪೈಪಿನ ಮೇಲೆ ಅನುಮಾನ ಪಡಿ. ನಿಂತರೆ, ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಬಾಯಿಗೆ ಬಟ್ಟೆ ತುರುಕಿ, ಹೊಸಿಲು ದಾಟದಂತೆ ಒಂದೆರಡು ಇಂಚು ನೀರು ನಿಲ್ಲಿಸಿ, ಇನ್ನೊಂದು ದಿನ ಕಾಯಿರಿ. ಈಗ ಕೆಳಗೆ ಒದ್ದೆಯಾದರೆ ನೆಲದ ಸಂದಿ ಅಥವಾ ಟ್ರ್ಯಾಪಿನ ಅಂಚು ಸೋರುತ್ತಿದೆ ಎಂದು ಅರ್ಥ. ಒದ್ದೆಯಾಗದೆ, ಬಟ್ಟೆ ತೆಗೆದು ನೀರು ಬಿಟ್ಟ ಮೇಲೆ ಸೋರಿದರೆ ಡ್ರೈನ್ ಪೈಪಿನದೇ ತಪ್ಪು. ಆಗ ಪ್ಲಂಬರ್‌ನನ್ನು ಕರೆಯಿರಿ, ಬ್ರಷ್ ಬೇಡ.

ಸಂದಿಯೇ ಕಾರಣ ಅಂತ ಗೊತ್ತಾದರೂ ಅವಸರ ಬೇಡ. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ನಮ್ಮ ಬಾಲ್ಕನಿಗೆ ಮಳೆ ನಿಂತ ಮರುದಿನವೇ ಬಳಿದುಬಿಟ್ಟೆ. ಮೇಲೆ ಒಣಗಿದಂತೆ ಕಂಡಿತ್ತು. ವಾರದೊಳಗೆ ಸಂದಿಯುದ್ದಕ್ಕೂ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿತು, ಅಲ್ಲಲ್ಲಿ ಗುಳ್ಳೆ ಬೇರೆ. ಒಂದು ಗುಳ್ಳೆಗೆ ಉಗುರು ಹಾಕಿದರೆ ಹಪ್ಪಳದಂತೆ ಎದ್ದು ಬಂತು, ಅಡಿಯಲ್ಲಿ ಇನ್ನೂ ತೇವ ಇತ್ತು. ಆಮೇಲೆ ಒಬ್ಬ ಮೇಸ್ತ್ರಿ ಉಪಾಯ ಹೇಳಿಕೊಟ್ಟರು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಹಾಳೆಯ ಒಳಗೆ ಬೆವರಿದ್ದರೆ ಇನ್ನೂ ಕಾಯಬೇಕು.

ಟೈಲ್ಸ್ ಮೇಲಿನ ಸೋಪಿನ ಜಿಡ್ಡನ್ನು ಉಜ್ಜಿ ತೆಗೆಯಿರಿ. ಪುಡಿಪುಡಿಯಾದ ಹಳೇ ವೈಟ್ ಸಿಮೆಂಟನ್ನು ಕೆರೆದು ಹೊಸದಾಗಿ ತುಂಬಿ. ದಪ್ಪಗೆ ಒಂದೇ ಸಲ ಸುರಿಯಬೇಡಿ, ತೆಳುವಾಗಿ ಎರಡು ಸಲ ಬಳಿಯಿರಿ. ನೆಲ ಜಾರುತ್ತದೆ, ವಯಸ್ಸಾದವರಿದ್ದರೆ ಜಾರದಂತೆ ಬೆರೆಸುವ ಪುಡಿಯನ್ನೂ ಕೇಳಿ ತನ್ನಿ. ಕಿಟಕಿ ತೆರೆದಿಡಿ. ಗ್ಯಾಸ್ ಗೀಸರ್ ಇದ್ದರೆ ವಾಸನೆ ಪೂರ್ತಿ ಹೋಗುವ ತನಕ ಹಚ್ಚಲೇಬೇಡಿ, ಬಹಳಷ್ಟು ಡಬ್ಬಿಗಳಲ್ಲಿ ಬೆಂಕಿ ಹಿಡಿಯುವ ಸಾಲ್ವೆಂಟ್ ಇರುತ್ತದೆ.

ಉಳಿದದ್ದು ತಾರಸಿಗೆ ಆಗುತ್ತದೆ ಅಂತ ದೊಡ್ಡ ಡಬ್ಬಿ ಕೊಳ್ಳಬೇಡಿ. ಅಗ್ಗದ ಬಗೆಗಳು ಬಿಸಿಲಿಗೆ ಹಳದಿಯಾಗುತ್ತವೆ. ಜೊತೆಗೆ, ಒಂದೇ ಡಬ್ಬಿಯಲ್ಲಿ ಬರುವ ಬಗೆ ಸಾಮಾನ್ಯವಾಗಿ ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದು. ನನ್ನ ಅರ್ಧ ಡಬ್ಬಿ ಮುಚ್ಚಳ ಬಿಗಿಯಾಗಿ ಹಾಕಿಟ್ಟರೂ ಎರಡೇ ತಿಂಗಳಲ್ಲಿ ಗಟ್ಟಿ ಉಂಡೆಯಾಗಿತ್ತು. ಈಗ ಬಾಲ್ಕನಿ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಡಲು ಅದನ್ನೇ ಇಟ್ಟಿದ್ದೇನೆ.