ತ್ಸೆದಕಾ: ಕೆಂಡದ ಒಲೆಯಲ್ಲಿ ಅಡಗಿದ ಗಂಡ ಹೆಂಡತಿ

ನಮ್ಮ ಬಾಗಿಲಿಗೆ ಬಂದು ಕೈಚಾಚುವವರು "ದಾನ ಮಾಡಿ" ಅನ್ನುವುದು ಕಡಿಮೆ. "ಧರ್ಮ ಮಾಡಿ ತಾಯಿ" ಅಂತ ಕೇಳುವುದೇ ಜಾಸ್ತಿ, ಅಲ್ವಾ? ಯಹೂದಿಗಳ ತ್ಸೆದಕಾ ಅನ್ನುವ ಪದವನ್ನು ಹಿಡಿಯಲು ಈ ಮಾತಿನಿಂದಲೇ ಹೊರಡುವುದು ಸುಲಭ.

ಹೀಬ್ರೂ ಭಾಷೆಯಲ್ಲಿ ತ್ಸೆದೆಕ್ ಅಂದರೆ ನ್ಯಾಯ. ಅದೇ ಬೇರಿನಿಂದ ಬಂದದ್ದು ತ್ಸೆದಕಾ. ಕನ್ನಡದಲ್ಲಿ ದಾನ ಅಂತ ಹೇಳಿ ಮುಗಿಸಬಹುದು, ಆದರೆ ದಾನ ಅಂದ ಕೂಡಲೇ ಕೊಟ್ಟವರ ಮನಸ್ಸು ಎಷ್ಟು ದೊಡ್ಡದು ಅನ್ನುವ ಮಾತು ಬಂದುಬಿಡುತ್ತದೆ. ಇಲ್ಲಿ ಆ ಹೊಗಳಿಕೆಗೆ ಜಾಗ ಕಡಿಮೆ. ಇಲ್ಲದವನಿಗೆ ಸೇರಬೇಕಾದದ್ದು ಸೇರಿತು, ಅಷ್ಟೇ. ದುಡಿಮೆಯಲ್ಲಿ ಹತ್ತರಲ್ಲೊಂದು ಪಾಲು ತೆಗೆದಿಡುವುದು ಹಳೆಯ ವಾಡಿಕೆ. ತ್ಸೆದಕಾ ಪಡೆದೇ ಬದುಕುವವನೂ ಅದರಲ್ಲಿ ಚೂರು ಕೊಡಬೇಕು. ನನಗೆ ತುಂಬಾ ಹಿಡಿಸಿದ ನಿಯಮ ಇದೇ. ನಮ್ಮ ಮುಸ್ಲಿಂ ನೆರೆಹೊರೆಯವರ ಬಾಯಲ್ಲಿ ಕೇಳುವ ಸದಕಾ ಕೂಡ ಇದೇ ಬೇರಿನ ಪದ, ಅರೇಬಿಕ್ ಮತ್ತು ಹೀಬ್ರೂ ಒಂದೇ ಮನೆತನದ ಭಾಷೆಗಳು.

12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ಇದಕ್ಕೆ 8 ಮೆಟ್ಟಿಲು ಹೇಳಿದ್ದಾನೆ. ಮುಖ ಗಂಟು ಹಾಕಿಕೊಂಡು ಕೊಡುವುದು ತೀರಾ ಕೆಳಗಿನದು. ಕೊಟ್ಟವರು ಯಾರು, ಪಡೆದವರು ಯಾರು ಅಂತ ಇಬ್ಬರಿಗೂ ಗೊತ್ತಾಗದಿರುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲೆ? ಸಾಲವೋ ಕೆಲಸವೋ ವ್ಯಾಪಾರದಲ್ಲಿ ಪಾಲೋ ಕೊಟ್ಟು, ಆ ಮನುಷ್ಯ ಮತ್ತೆ ಕೇಳುವ ಹಾಗೇ ಇಲ್ಲದಂತೆ ಮಾಡುವುದು.

ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಒಂದು ಕಥೆ ಇದೆ. ಮಾರ್ ಉಕ್ವಾ ಅನ್ನುವವನು ದಿನಾ ಪಕ್ಕದ ಬಡವನ ಬಾಗಿಲ ಕುಳಿಯಲ್ಲಿ ನಾಲ್ಕು ನಾಣ್ಯ ಇಟ್ಟು ಸದ್ದಿಲ್ಲದೆ ಹೋಗುತ್ತಿದ್ದ. ಯಾರಪ್ಪ ಇದು ಅಂತ ಬಡವ ಒಂದು ದಿನ ಕಾದು ಕೂತ. ಅವತ್ತು ಉಕ್ವಾನ ಜೊತೆ ಹೆಂಡತಿಯೂ ಇದ್ದಳು. ಬಾಗಿಲು ತೆರೆದದ್ದೇ ತಡ, ಇಬ್ಬರೂ ಓಡಿ ಓಡಿ ಒಂದು ದೊಡ್ಡ ಒಲೆಯೊಳಗೆ ಅಡಗಿದರು. ಕೆಂಡ ಆಗತಾನೇ ಗೋರಿ ತೆಗೆದಿದ್ದರು. ಗಂಡನ ಕಾಲು ಸುಡತೊಡಗಿತು, ಹೆಂಡತಿಯ ಕಾಲು ಸುಡಲಿಲ್ಲ. ನಿಮ್ಮ ಕಾಲು ನನ್ನ ಕಾಲ ಮೇಲೆ ಇಡಿ ಅಂದಳು. ತನಗಿಂತ ಇವಳ ಪುಣ್ಯವೇ ಜಾಸ್ತಿಯಾ ಅಂತ ಅವನ ಮುಖ ಬಾಡಿತು. ಅದಕ್ಕೆ ಅವಳು, ನಾನು ಮನೆಯಲ್ಲೇ ಇರುತ್ತೇನೆ, ನಾನು ಕೊಟ್ಟದ್ದು ಕೂಡಲೇ ದಕ್ಕುತ್ತದೆ ಅಂದಳು. ಅವನದು ನಾಣ್ಯ, ಅದನ್ನು ಹಿಡಿದು ಅಂಗಡಿಗೆ ಹೋಗಬೇಕು. ಅವಳದು ತಿನ್ನಲು ತಯಾರಾದ ಊಟ.

ಮೈಮುರಿದು ಮಾಡುವ ಈ ಬಗೆಯ ನೆರವಿಗೆ ಇನ್ನೊಂದು ಹೆಸರೂ ಇದೆ, ಗೆಮಿಲುತ್ ಹಸಾದಿಮ್. ತ್ಸೆದಕಾ ದುಡ್ಡಿನಿಂದ ಆಗುವಂಥದ್ದು, ಇದು ದುಡ್ಡಿನಿಂದಲೂ ಮೈಯಿಂದಲೂ ಆಗುವಂಥದ್ದು, ಹಾಗಾಗಿ ಇದೇ ದೊಡ್ಡದು ಅಂತ ಅದೇ ತಾಲ್ಮುದ್ ಹೇಳುತ್ತದೆ.

ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ಅಮೆರಿಕದ ಫಿಲಡೆಲ್ಫಿಯಾದ ರೆಬೆಕಾ ಗ್ರಾಟ್ಜ್ (1781–1869) ಅವರನ್ನು ನೋಡಬೇಕು. ಸಿರಿವಂತ ವ್ಯಾಪಾರಿ ಮನೆಯ ಮಗಳು, ಮದುವೆಯಾಗಲಿಲ್ಲ, ತೀರಿಕೊಂಡ ತಂಗಿಯ ಮಕ್ಕಳನ್ನು ಸಾಕಿದವರು. ಆಗ ಬಡ ಯಹೂದಿಗಳಿಗೆ ನೆರವು ಕೊಡುತ್ತಿದ್ದ ಕೆಲವು ಕ್ರೈಸ್ತ ಸಂಘಗಳು ಜೊತೆಗೆ ಮತಾಂತರದ ಮಾತನ್ನೂ ತರುತ್ತಿದ್ದವು. ಅದಕ್ಕೇ 1819ರಲ್ಲಿ ರೆಬೆಕಾ ಮತ್ತು ಅವರ ಯಹೂದಿ ಪ್ರಾರ್ಥನಾ ಮಂದಿರದ ಹೆಂಗಸರು ಸೇರಿ ತಮ್ಮದೇ ಸಂಘ ಕಟ್ಟಿದರು, ಫೀಮೇಲ್ ಹೀಬ್ರೂ ಬೆನೆವಲೆಂಟ್ ಸೊಸೈಟಿ ಅಂತ. ಊಟ, ಸೌದೆ, ಇರಲು ಜಾಗ. ಮುಂದೆ ಕೆಲಸ ಹುಡುಕಿಕೊಡುವುದನ್ನೂ ಶುರು ಮಾಡಿದರು. ಅಂದರೆ ಮೈಮೊನಿಡಿಸ್‌ನ ಮೇಲಿನ ಮೆಟ್ಟಿಲು.

1838ರಲ್ಲಿ ಮಕ್ಕಳಿಗೆ ಭಾನುವಾರದ ಶಾಲೆ ತೆರೆದರು. ಫೀಸಿಲ್ಲ, ಕಲಿಸುವ ಹೆಂಗಸರಿಗೆ ಸಂಬಳವೂ ಇಲ್ಲ. ಪುಸ್ತಕ ಬೇಕಲ್ಲ? ಕ್ರೈಸ್ತ ಶಾಲೆಗಳ ಪಾಠಪುಸ್ತಕ ತಂದು, ಯಹೂದಿ ಮಕ್ಕಳಿಗೆ ಹೊಂದದ ಉತ್ತರಗಳ ಮೇಲೆ ಬೇಸಿಗೆಯ ದಿನಗಳಲ್ಲಿ ಕೂತು ಕಾಗದದ ಚೂರು ಅಂಟಿಸುತ್ತಿದ್ದರು. ಮಕ್ಕಳು ಸುಮ್ನೆ ಬಿಡುತ್ತಾರಾ, ಆ ಚೂರಿನ ಕೆಳಗೆ ಏನಿದೆ ಅಂತ ಓದಲು ನೋಡುತ್ತಿದ್ದರಂತೆ.