ಗೊತ್ತಿಲ್ಲದ ಕೆರೆಯಲ್ಲಿ ಮೀನು ಎಲ್ಲಿರುತ್ತದೆ?

ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿ ಗಾಳ ಹಾಕಿ ಕೂತವರನ್ನು ಒಮ್ಮೆ ಮಾತಾಡಿಸಿ ನೋಡಿ. ಒಬ್ಬನ ಚೀಲ ತುಂಬಿ, ಪಕ್ಕದವನದು ಖಾಲಿ ಇದ್ದರೆ ಕಾರಣ ಸಿದ್ಧವಾಗಿರುತ್ತದೆ: ಕೈಗುಣ. ಅದಲ್ಲದಿದ್ದರೆ ಅಮಾವಾಸ್ಯೆ. ಅದೂ ಅಲ್ಲ ಅಂದ್ರೆ ಬರುವಾಗ ಬೆಕ್ಕು ಅಡ್ಡ ಬಂದಿರುತ್ತದೆ. ಸ್ವಲ್ಪ ತಿಳಿದವರು ಅನ್ನಿಸಿಕೊಂಡವರು ಮಾತ್ರ ಬೇರೆ ಮಾತು ಹೇಳುತ್ತಾರೆ: "ಆಳ ಇದ್ದಲ್ಲಿ ಮೀನು ಇರ್ತಾವ್ರೀ." ಬೆಕ್ಕಿನ ಮಾತನ್ನು ನಕ್ಕು ಬಿಡಬಹುದು. ನನ್ನ ತಕರಾರು ಇರುವುದು ಈ ಕೊನೆಯ ಮಾತಿನ ಮೇಲೆ. ಕೇಳಲು ವಿಜ್ಞಾನದ ಹಾಗೇ ಇದೆ, ಆದರೆ ತಪ್ಪು.

ಎಷ್ಟು ತಪ್ಪು ಅಂತ ಚೆನ್ನಾಗಿ ಕಾಣಬೇಕಾದರೆ ಬಹಳ ದೂರದ, ಬಹಳ ಚಳಿಯ ಕೆರೆಗಳಿಗೆ ಹೋಗಬೇಕು. ಅಮೆರಿಕದ ಮಿನ್ನೆಸೋಟಾ, ಕೆನಡಾ, ಫಿನ್ಲೆಂಡ್ ಕಡೆ ಚಳಿಗಾಲ ಬಂದರೆ ಕೆರೆಗಳ ಮೈಯೆಲ್ಲ ಗಡ್ಡೆ ಕಟ್ಟುತ್ತದೆ. ಮಿನ್ನೆಸೋಟಾ ಒಂದರಲ್ಲೇ 10 ಎಕರೆ ಮೀರಿದ ಕೆರೆಗಳು 11,842 ಇವೆ. ಜನ ಮಂಜುಗಡ್ಡೆಯ ಮೇಲೆ ನಡೆದು ಹೋಗಿ, ಬೈರಿಗೆಯಿಂದ ತೂತು ಕೊರೆದು, ಅದರೊಳಗೆ ಗಾಳ ಇಳಿಬಿಟ್ಟು ಕೂರುತ್ತಾರೆ. ದೋಣಿ ಇದ್ದರೆ ಹತ್ತು ಕಡೆ ಸುತ್ತಿ ನೋಡಬಹುದು. ಇಲ್ಲಿ ಆ ಸೌಲಭ್ಯ ಇಲ್ಲ. ಎದುರಿಗೆ ಬೆಳ್ಳನೆಯ ಬಯಲು. ಅಂಗೈ ಅಗಲದ ತೂತು, ಅದರ ಕೆಳಗೆ ಮೀನು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹೊಸ ಕೆರೆಗೆ ಬಂದವನು ಮೊದಲ ತೂತು ಎಲ್ಲಿ ಕೊರೆಯಬೇಕು?

ಈ ಪ್ರಶ್ನೆಯ ಬುಡದಲ್ಲಿ ನೀರಿನ ಒಂದು ವಿಚಿತ್ರ ಗುಣ ಇದೆ. ವಿಜಯಪುರದಲ್ಲಿ ಚಳಿ ಎಷ್ಟೇ ಬಿದ್ದರೂ ಭೂತನಾಳ ಕೆರೆ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ನಾವು ಅದನ್ನು ಕಣ್ಣಾರೆ ಕಂಡಿಲ್ಲ, ಅಷ್ಟೇ.

ತಣ್ಣಗಾದದ್ದು ಕುಗ್ಗುತ್ತದೆ, ಕುಗ್ಗಿದ್ದು ಭಾರವಾಗಿ ಕೆಳಗಿಳಿಯುತ್ತದೆ. ನೀರು ಕೂಡ 4 ಡಿಗ್ರಿ ಸೆಲ್ಸಿಯಸ್ ತನಕ ಈ ನಿಯಮ ಪಾಲಿಸುತ್ತದೆ. ಅಲ್ಲಿಂದ ಮುಂದೆ ಉಲ್ಟಾ ಹೊಡೆಯುತ್ತದೆ. ಇನ್ನೂ ತಣ್ಣಗಾದರೆ ಕುಗ್ಗುವ ಬದಲು ಹಿಗ್ಗುತ್ತದೆ. ಅಂದರೆ 2 ಡಿಗ್ರಿಯ ನೀರು 4 ಡಿಗ್ರಿಯ ನೀರಿಗಿಂತ ಹಗುರ. 0 ಡಿಗ್ರಿಯಲ್ಲಿ ಗಡ್ಡೆ ಕಟ್ಟುವಾಗಂತೂ ಒಮ್ಮೆಲೇ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಗಡ್ಡೆ ತೇಲುವುದು ಇದಕ್ಕೇ.

ಯಾಕೆ ಹೀಗೆ? ಜಾತ್ರೆಯ ಡೊಳ್ಳಿನ ಮೇಳ ನೋಡಿದ್ದೀರಲ್ಲ. ಗುಡಿಯ ಹತ್ತಿರ ನಡೆದು ಬರುವಾಗ ಮೇಳದವರು ಮೈಗೆ ಮೈ ತಾಗಿಸಿ, ಇಕ್ಕಟ್ಟಿನಲ್ಲೇ ಸಾಗುತ್ತಾರೆ. ಕುಣಿತ ಶುರುವಾಗಿ ದುಂಡಗೆ ನಿಂತರೋ, ಒಬ್ಬೊಬ್ಬರಿಗೂ ಕೈ ಬೀಸುವಷ್ಟು ಜಾಗ ಬೇಕು. ಜನ ಅಷ್ಟೇ, ಹಿಡಿಯುವ ಜಾಗ ಜಾಸ್ತಿ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಹೀಗೆ ಲೆಕ್ಕದ ಪ್ರಕಾರ, ಆರು ಮೂಲೆಯ ವರಸೆಯಲ್ಲಿ, ನಡುವೆ ಖಾಲಿ ಬಿಟ್ಟು ನಿಲ್ಲುತ್ತವೆ. ಆದರೆ ಮೇಳ ಒಂದೇ ಏಟಿಗೆ ದುಂಡಗಾಗುವುದಿಲ್ಲ. ತಣ್ಣಗಾಗುತ್ತಿರುವ ನೀರಿನಲ್ಲೂ ಅಲ್ಲೊಂದು ಇಲ್ಲೊಂದು ಸಣ್ಣ ಗುಂಪು ಮೊದಲೇ ವರಸೆಗೆ ನಿಲ್ಲಲು ನೋಡುತ್ತದೆ, ಉಳಿದವು ಇನ್ನೂ ಒತ್ತೊತ್ತಾಗಿ ಬರುತ್ತಿರುತ್ತವೆ. ಒಂದು ಕಡೆ ಹಿಗ್ಗು, ಒಂದು ಕಡೆ ಕುಗ್ಗು. ಎರಡೂ ಸರಿಸಮ ಆಗುವ ಜಾಗವೇ 4 ಡಿಗ್ರಿ. ನಿಖರವಾಗಿ ಹೇಳಬೇಕೆಂದರೆ 3.98.

ಇದನ್ನು ಚೊಕ್ಕವಾಗಿ ತೋರಿಸಿಕೊಟ್ಟವನು ಸ್ಕಾಟ್ಲೆಂಡಿನ ಎಡಿನ್‌ಬರೋದ ರಸಾಯನಶಾಸ್ತ್ರಜ್ಞ ಥಾಮಸ್ ಚಾರ್ಲ್ಸ್ ಹೋಪ್. ಅವನ ಪ್ರಯೋಗ 1805ರಲ್ಲಿ ಅಚ್ಚಾಯಿತು. ಉದ್ದನೆಯ ಒಂದು ಜಾಡಿ, ತುಂಬ ನೀರು. ಮೇಲೊಂದು, ತಳದಲ್ಲೊಂದು ಥರ್ಮಾಮೀಟರ್. ಜಾಡಿಯ ಸೊಂಟಕ್ಕೆ ಮಾತ್ರ ಹಿಮದ ಪಟ್ಟಿ. ಮೊದಲು ಕೆಳಗಿನ ಥರ್ಮಾಮೀಟರ್ ಇಳಿಯುತ್ತ ಹೋಗಿ 4ರ ಹತ್ತಿರ ನಿಂತುಬಿಡುತ್ತದೆ. ಮೇಲಿನದು ಅಲ್ಲೀತನಕ ಹೆಚ್ಚುಕಮ್ಮಿ ಸುಮ್ನೆ ಇರುತ್ತದೆ. ಆಮೇಲೆ ಅದು ಇಳಿಯಲು ಶುರುಮಾಡಿ ಸೊನ್ನೆ ಮುಟ್ಟುತ್ತದೆ. ತಳದ್ದು ಮಾತ್ರ ಅಲ್ಲೇ ನಿಂತಿರುತ್ತದೆ. ಎರಡು ಥರ್ಮಾಮೀಟರಿನಲ್ಲಿ ಮುಗಿದ ಈ ಪ್ರಯೋಗದ ಚೆಲುವಿಗೆ ನಾನು ಮಾರುಹೋಗಿದ್ದೇನೆ. ಶಾಲೆಗಳಲ್ಲಿ ಇದರ ಚಿತ್ರ ಬಿಡಿಸಿ ಅಂಕ ಕೊಟ್ಟು ಮುಗಿಸುತ್ತಾರೆ, ಮಾಡಿ ತೋರಿಸುವವರು ಕಮ್ಮಿ.

ಚಳಿದೇಶದ ಕೆರೆ ಅಂದರೆ ಹೋಪ್‌ನ ಜಾಡಿಯೇ. ಚಳಿಗಾಲದ ಮುಂಚೆ ಮೇಲಿನ ನೀರು ತಣ್ಣಗಾಗಿ ಮುಳುಗುತ್ತ, ಕೆಳಗಿನದು ಮೇಲೇಳುತ್ತ, ಇಡೀ ಕೆರೆ 4 ಡಿಗ್ರಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೇ ಉಳಿದು ಗಡ್ಡೆ ಕಟ್ಟುತ್ತದೆ. ಹೀಗಾಗಿ ಗಡ್ಡೆಗೆ ಅಂಟಿದ ನೀರು 0 ಡಿಗ್ರಿ, ತಳದ್ದು 4 ಡಿಗ್ರಿ. ನಮ್ಮ ಕೆರೆಗಳಲ್ಲಿ ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಅಲ್ಲಿ ತಲೆಕೆಳಗು.

ಹಾಗಾದರೆ ಮೀನು ತಳದಲ್ಲಿ ಬೆಚ್ಚಗೆ ಕೂತಿರಬೇಕು, ಆಳ ನೋಡಿ ತೂತು ಕೊರೆದರಾಯಿತು ಅಲ್ವಾ? ಇಲ್ಲ. ಮೀನಿಗೆ ಬೆಚ್ಚಗಿದ್ದರೆ ಸಾಲದು, ಉಸಿರೂ ಬೇಕು.

ಗಡ್ಡೆ ಕಟ್ಟಿದ ಕೆರೆಗೆ ಗಾಳಿ ತಾಗುವುದಿಲ್ಲ, ಅಲೆ ಏಳುವುದಿಲ್ಲ. ಹೊರಗಿನ ಆಮ್ಲಜನಕ ಬಂದ್. ಒಳಗಿನ ನೀರುಗಿಡಗಳಿಗೆ ಸ್ವಲ್ಪ ಬೆಳಕು ಸಿಕ್ಕರೆ ಅವು ಒಂದಿಷ್ಟು ಆಮ್ಲಜನಕ ಕೊಡುತ್ತವೆ. ಗಡ್ಡೆಯ ಮೇಲೆ ದಪ್ಪಗೆ ಹಿಮ ಬಿತ್ತೋ, ಆ ಬೆಳಕೂ ಹೋಯಿತು. ಗಿಡ ಸಾಯುತ್ತದೆ, ಕೊಳೆಯುತ್ತದೆ, ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ. ತಳದ ಕೆಸರಿನ ಬ್ಯಾಕ್ಟೀರಿಯಾಗಳದ್ದೂ ಅದೇ ಕೆಲಸ. ಇದರಿಂದ ಮೊದಲು ಬರಿದಾಗುವುದು ಎಲ್ಲಕ್ಕಿಂತ ಆಳದ ತಗ್ಗು. ಮೀನು ಮೇಲಿನ ಚಳಿಗೂ ಕೆಳಗಿನ ಉಸಿರುಗಟ್ಟುವ ನೀರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಆಳ ಕಮ್ಮಿ ಇರುವ, ಕೆಸರು ಜಾಸ್ತಿ ಇರುವ ಕೆರೆಯಾದರೆ ಚಳಿಗಾಲ ಮುಗಿಯುವಷ್ಟರಲ್ಲಿ ಮೀನುಗಳು ರಾಶಿ ರಾಶಿ ಸಾಯುವುದೂ ಉಂಟು.

ಅಲ್ಲಿನ ಅನುಭವಿಗಳ ನಡೆ ಇದಕ್ಕೆ ತಕ್ಕ ಹಾಗೇ ಇರುತ್ತದೆ. ಗಡ್ಡೆ ಹೊಸದಾಗಿ ಕಟ್ಟಿದಾಗ ದಂಡೆಗೆ ಹತ್ತಿರ, ಹಸಿರು ಗಿಡ ಉಳಿದಿರುವ ಕಡೆ. ನಡುಚಳಿಯಲ್ಲಿ ಅಲ್ಲಿಂದ ಆಳಕ್ಕೆ ಇಳಿಯುವ ಇಳಿಜಾರು. ಅಲ್ಲೂ ಮೀನು ತಳಕ್ಕೆ ಅಂಟಿರಲೇಬೇಕು ಅಂತಿಲ್ಲ, ನಡುನೀರಿನಲ್ಲಿ ತೇಲಿಕೊಂಡಿರಬಹುದು. ಗಡ್ಡೆ ಕರಗುವ ಹೊತ್ತಿಗೆ ಹಳ್ಳಗಳು ಹೊಸ ನೀರು ತರುತ್ತವೆ, ಮೀನು ಮತ್ತೆ ದಂಡೆಯ ಕಡೆ ತಿರುಗುತ್ತದೆ. ಗಾಳದ ಕೊಕ್ಕೆಗೆ ನೀರುಗಿಡದ ಎಳೆಯೊಂದು ಸಿಕ್ಕಿ ಬಂದರೆ ಅವರು ಬೈದುಕೊಂಡು ಎಸೆಯುವುದಿಲ್ಲ. ಬೆರಳಲ್ಲಿ ಹಿಸುಕಿ ನೋಡುತ್ತಾರೆ. ಹಸಿರಾಗಿ ಗರಿಗರಿ ಇದ್ದರೆ ಅಲ್ಲೇ ಕೂರುತ್ತಾರೆ. ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆ ಆಗಿದ್ದರೆ ಬೈರಿಗೆ ಎತ್ತಿಕೊಂಡು ಮುಂದೆ ಹೋಗುತ್ತಾರೆ. ಮೀನು ತಣ್ಣನೆ ರಕ್ತದ ಪ್ರಾಣಿ. 4 ಡಿಗ್ರಿಯಲ್ಲಿ ಅದರ ಮೈಯ ಕೆಲಸವೆಲ್ಲ ನಿಧಾನ, ದೂರದ ಎರೆಗೆ ಓಡಿ ಬರುವ ಉಮೇದು ಅದಕ್ಕಿರುವುದಿಲ್ಲ. ಎರೆಯೇ ಅದರ ಮೂಗಿನ ಮುಂದೆ ಹೋಗಬೇಕು. ಅದಕ್ಕೇ ಜಾಗಕ್ಕೆ ಇಷ್ಟು ಬೆಲೆ.

ಇದೆಲ್ಲ ಚಳಿದೇಶದ ಪುರಾಣ, ನಮಗ್ಯಾಕೆ ಅನ್ನಬೇಡಿ. ಉಸಿರಿನ ಲೆಕ್ಕ ನಮ್ಮಲ್ಲಿ ಇನ್ನೂ ಬಿಗಿ. 4 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 13 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯ ನೀರು ಬರೀ ಏಳೂವರೆ. ಬೇಸಿಗೆಯಲ್ಲಿ ನಮ್ಮ ಆಳದ ಕೆರೆಗಳ ಮೇಲಿನ ಬಿಸಿ ಪದರ ಕೆಳಗಿನದರೊಂದಿಗೆ ಬೆರೆಯುವುದಿಲ್ಲ. ತಳದ ಕೆಸರು ಅಲ್ಲಿದ್ದ ಆಮ್ಲಜನಕವನ್ನು ತಿಂದು ಕೂತಿರುತ್ತದೆ. ಪದರಗಳು ತಲೆಕೆಳಗಾದರೂ ಫಲ ಒಂದೇ: ಎಲ್ಲಕ್ಕಿಂತ ಆಳದ ತಗ್ಗಿನಲ್ಲಿ ಮೀನು ಇರುವುದಿಲ್ಲ.

ಮೋಡ ಕವಿದ ದಿನಗಳ ನಂತರ ಒಂದು ಬೆಳಗ್ಗೆ ಕೆರೆಯ ತುಂಬ ಸತ್ತ ಮೀನು ತೇಲುತ್ತವೆ. ಊರಲ್ಲಿ ಗದ್ದಲ. ಯಾರೋ ವಿಷ ಹಾಕಿದರು ಅನ್ನುವವರು ಕೆಲವರು, ಗ್ರಹಣದ ದೋಷ ಅನ್ನುವವರು ಕೆಲವರು. ಹಸಿರು ಪಾಚಿ ತುಂಬಿದ ಕೆರೆಯಲ್ಲಿ ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ಅದನ್ನೇ ಉಸಿರಾಡುತ್ತದೆ. ಮೋಡ ಇದ್ದರೆ ಹಗಲಿನ ಗಳಿಕೆಯೂ ಕಮ್ಮಿ. ನಸುಕಿನ ಹೊತ್ತಿಗೆ ಖಜಾನೆ ಖಾಲಿ. ದೂರು ಕೊಡಲು ಓಡುವ ಮುಂಚೆ ಸತ್ತ ಮೀನುಗಳನ್ನು ಸರಿಯಾಗಿ ನೋಡಿ. ಉಸಿರುಗಟ್ಟಿದ್ದಾದರೆ ಸಾಮಾನ್ಯವಾಗಿ ದೊಡ್ಡ ಕಟ್ಲಾ, ರೋಹು ಮೊದಲು ಸಾಯುತ್ತವೆ, ಸಣ್ಣವು ಎಷ್ಟೋ ಉಳಿದಿರುತ್ತವೆ. ನೀರಿನ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲ ಕೊರವ, ಚೇಳು ಮೀನುಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ. ವಿಷವಾದರೆ ಸಣ್ಣ ಮೀನುಗಳೇ ಮೊದಲು ಹೋಗುವುದು ಹೆಚ್ಚು. ಗ್ರಹಣಕ್ಕೆ ದೊಡ್ಡದು ಚಿಕ್ಕದು ಅನ್ನುವ ಭೇದ ಗೊತ್ತಿರಲಿಕ್ಕಿಲ್ಲ.

ಮತ್ತೆ ತೂತಿನ ಪ್ರಶ್ನೆಗೆ ಬರೋಣ. ಆಳ ಅಲ್ಲ ಅಂದರೆ ಏನು ನೋಡಬೇಕು? ಅಂಚು. ದಿಢೀರನೆ ಇಳಿಯುವ ಜಾಗ, ಗಿಡ ಮುಗಿದು ಬಯಲಾಗುವ ಜಾಗ, ಕಲ್ಲು ಮುಗಿದು ಕೆಸರು ಶುರುವಾಗುವ ಜಾಗ, ನೀರೊಳಗೇ ತಲೆ ಎತ್ತಿದ ದಿಬ್ಬ. ಅಂಚಿನಲ್ಲಿದ್ದ ಮೀನು ಚೂರು ಸರಿದರೆ ಬೇರೆ ಬಿಸಿ, ಬೇರೆ ಉಸಿರು, ಬೇರೆ ಊಟ ಸಿಗುತ್ತದೆ. ಅಂಚು ಕಾಣಬೇಕಾದರೆ ಕೆರೆಯ ತಳದ ನಕ್ಷೆ ಬೇಕು, ಭೂಗೋಳದ ಪುಸ್ತಕದಲ್ಲಿರುವಂಥ ಸಮೋನ್ನತ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ ನಕ್ಷೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರ ಇದ್ದರೆ ಮಟ್ಟಸ.

ಇಂಥ ನಕ್ಷೆ ಸುಮ್ನೆ ಆಗಲಿಲ್ಲ. ಸ್ಕಾಟ್ಲೆಂಡಿನಲ್ಲಿ ಸಮುದ್ರಗಳ ಅಧ್ಯಯನಕ್ಕೆ ಹೊರಟ 'ಚಾಲೆಂಜರ್' ಹಡಗಿನ ಯಾನದಲ್ಲಿ ಪಳಗಿದ್ದ ಜಾನ್ ಮರ್ರೆ, ಗೆಳೆಯ ಫ್ರೆಡೆರಿಕ್ ಪುಲ್ಲರ್ ಜೊತೆ 1897ರಲ್ಲಿ ಕೆರೆಗಳ ಆಳ ಅಳೆಯಲು ಹೊರಟ. 1901ರ ಫೆಬ್ರವರಿಯಲ್ಲಿ ಏರ್‌ಥ್ರೀ ಎಂಬ ಕೆರೆಯ ಗಡ್ಡೆ ಒಡೆದು ಜನ ನೀರಿಗೆ ಬಿದ್ದರು. ಅವರನ್ನು ಉಳಿಸಲು ಹೋದ ಫ್ರೆಡೆರಿಕ್ ತಾನೇ ಮುಳುಗಿ ಸತ್ತ. ಅವನ ತಂದೆ ಲಾರೆನ್ಸ್ ಪುಲ್ಲರ್ ಮಗನ ಕೆಲಸ ನಿಲ್ಲಬಾರದೆಂದು ಹಣ ಕೊಟ್ಟ. ಕೆಲಸ ಮುಗಿಯುವ ಹೊತ್ತಿಗೆ 562 ಕೆರೆಗಳ ತಳ ಕಾಗದದ ಮೇಲೆ ಬಂದಿತ್ತು.

ಹಳೇ ನಾವಿಕರದು ಇನ್ನೂ ಸರಳ ಉಪಾಯ. ಹಗ್ಗದ ತುದಿಯ ಸೀಸದ ಗುಂಡಿಗೆ ಕೆಳಗೊಂದು ಸಣ್ಣ ಕುಳಿ, ಅದರಲ್ಲಿ ಪ್ರಾಣಿಯ ಕೊಬ್ಬು ಮೆತ್ತುತ್ತಿದ್ದರು. ಗುಂಡು ತಳ ಮುಟ್ಟಿ ಬಂದಾಗ ಹಗ್ಗ ಆಳ ಹೇಳುತ್ತಿತ್ತು, ಕೊಬ್ಬಿಗೆ ಅಂಟಿದ ಮರಳೋ ಕೆಸರೋ ತಳದ ಜಾತಿ ಹೇಳುತ್ತಿತ್ತು. ಈಗ ನೀರೊಳಗೆ ಶಬ್ದ ಬಿಟ್ಟು ಅದರ ಮರುದನಿ ಹಿಡಿಯುವ ಸೋನಾರ್ ಯಂತ್ರ ಬಂದಿದೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಶಬ್ದ ಬಡಿದು ವಾಪಸ್ ಬರುತ್ತದೆ, ಪರದೆಯ ಮೇಲೆ ಗೆರೆ ಮೂಡುತ್ತದೆ. ಆ ಮೀನಿಗೆ ಹಸಿವಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಗಡ್ಡೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಕೆಲಸಕ್ಕೋ ಓದಿಗೋ ಆ ಕಡೆ ಹೋಗುವ ನಮ್ಮ ಹುಡುಗರು ಈಗ ಬಹಳ ಇದ್ದಾರೆ. ಒಬ್ಬ ನಡೆಯಲು ಕನಿಷ್ಠ 10 ಸೆಂಟಿಮೀಟರ್ ದಪ್ಪದ, ಗಟ್ಟಿ, ತಿಳಿ ಗಡ್ಡೆ ಬೇಕು ಅನ್ನುವುದು ಅಲ್ಲಿನ ಲೆಕ್ಕ. ಹಿಮ ನೆನೆದು ಕಟ್ಟಿದ ಬಿಳಿ ಗಡ್ಡೆಗೆ ಸುಮಾರು ಅರ್ಧ ಬಲ, ಹಾಗಾಗಿ ಅದರ ಎರಡರಷ್ಟು ದಪ್ಪ ಬೇಕು. ಹಳ್ಳ ಬಂದು ಸೇರುವಲ್ಲಿ ಹರಿವು ಗಡ್ಡೆಯನ್ನು ಕೆಳಗಿನಿಂದಲೇ ಸವೆಸುತ್ತಿರುತ್ತದೆ. ಚಳಿಗಾಲದ ಕೊನೆಗೆ ಮೀನು ಸೇರುವುದೂ ಅಲ್ಲೇ. ಮೀನಿಗೆ ಒಳ್ಳೆಯ ಜಾಗ ಮನುಷ್ಯನಿಗೆ ಕೆಟ್ಟ ಜಾಗ. ನಮ್ಮ ಕೃಷ್ಣೆಯಲ್ಲಿ ಗಡ್ಡೆ ಒಡೆಯುವ ಭಯ ಇಲ್ಲ, ಮೊಸಳೆ ಇವೆ.

ಇನ್ನು ಕೃಷ್ಣೆಯ ಆಲಮಟ್ಟಿ ಜಲಾಶಯ. ಮೊದಲು ಹೇಳಿದ ಬಾಗಲಕೋಟೆಯ ಹಿನ್ನೀರು ಇದರದೇ. ಬೇರೆ ಊರವರಿಗೆ ಅದು ಗೊತ್ತಿಲ್ಲದ ಕೆರೆ, ಮುಳುಗಡೆ ಊರಿನವರಿಗೆ ಹಾಗಲ್ಲ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆಯಲ್ಲಿ, ಅಂದರೆ ನೀರು ಬರುವ ಮುಂಚಿನದರಲ್ಲಿ, 520ರ ಗೆರೆ ಹುಡುಕಿ. ಹೆಚ್ಚುಕಮ್ಮಿ ಅದೇ ತುಂಬಿದ ಜಲಾಶಯದ ದಂಡೆ. 500ರ ಗೆರೆ ಹಾಯುವ ಕಡೆ ಈಗ 19.6 ಮೀಟರ್ ನೀರು, ಹೂಳು ಕೂತಷ್ಟು ಕಮ್ಮಿ. ಬೇಸಿಗೆಯಲ್ಲಿ ಮಟ್ಟ 510ಕ್ಕೆ ಇಳಿದರೆ ಅಲ್ಲಿ ಉಳಿಯುವುದು 10 ಮೀಟರ್. ಬರೀ ಕಳೆಯುವ ಲೆಕ್ಕ. ಘಟಪ್ರಭೆಯ ಹಳೇ ಪಾತ್ರದ ಎರಡೂ ದಡ ಈಗ ನೀರೊಳಗಿನ ಅಂಚುಗಳು. ನಕ್ಷೆಯಲ್ಲಿಲ್ಲದ ಬಾವಿ, ಹಾಳು ಗೋಡೆ, ತೋಟದ ಒಡ್ಡು ಎಲ್ಲೆಲ್ಲಿದ್ದವು ಅಂತ ಮುಳುಗಿದ ಊರಿನ ಹಿರಿಯರು ಕೂತಲ್ಲೇ ಬೆರಳು ಮಾಡಿ ಹೇಳುತ್ತಾರೆ. ಬಲೆ ಹರಿಯುವುದು ಅಂಥ ಗೋಡೆಗಳಿಗೆ ಸಿಕ್ಕಿ, ಮೀನು ಮರೆ ಹುಡುಕುವುದೂ ಅಂಥ ಗೋಡೆಗಳಲ್ಲೇ.

ಅಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಅದು ಆದ ದಿನ ಈ ಲೆಕ್ಕಕ್ಕೆಲ್ಲ 4.656 ಮೀಟರ್ ಕೂಡಿಸಿಕೊಳ್ಳಬೇಕು. ಹೊಸದಾಗಿ ಮುಳುಗಿದ ಹೊಲದ ಮಣ್ಣಿನ ಸಾರ ನೀರಿಗೆ ಇಳಿದು ಮೊದಲ ಕೆಲವು ವರ್ಷ ಮೀನು ಚೆನ್ನಾಗಿ ಬೆಳೆಯುತ್ತವೆ, ಜಲಾಶಯಗಳಲ್ಲಿ ಸಾಮಾನ್ಯವಾಗಿ ಆಗುವುದೇ ಹೀಗೆ. ಆಗ ಗಾಳದವರು ಕೂರುವುದು ಹೊಸ ದಂಡೆಯಲ್ಲಿ, ಮೀನು ಸೇರುವುದು ಈಗಿನ ಕಬ್ಬಿನ ಗದ್ದೆಗಳ ಒಡ್ಡಿನ ಮಗ್ಗುಲಲ್ಲಿ.