ಮಂಗಳದ ಚಿತ್ರಗಳು ಎಲ್ಲರ ಕಣ್ಣಿಗೂ ತೆರೆದುಕೊಂಡ ಬಗೆ

1965ರ ಜುಲೈ ಮಧ್ಯದಲ್ಲಿ ಮ್ಯಾರಿನರ್-4 ನೌಕೆ ಮಂಗಳ ಗ್ರಹದ ಪಕ್ಕದಿಂದ ಹಾದುಹೋಗುತ್ತ ತೆಗೆದ ಮೊದಲ ಚಿತ್ರ ಭೂಮಿಗೆ ಬರತೊಡಗಿದಾಗ, ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳಿಗೆ ಕಾಯುವ ತಾಳ್ಮೆ ಇರಲಿಲ್ಲ. ಒಂದು ಚಿತ್ರವೆಂದರೆ 200 ಸಾಲು, ಸಾಲಿಗೆ 200 ಬಿಂದು, ಪ್ರತಿ ಬಿಂದುವಿನ ಹೊಳಪಿಗೆ 0ಯಿಂದ 63ರ ನಡುವಿನ ಒಂದು ಅಂಕಿ. ಸಂಕೇತಗಳು ಬರುತ್ತಿದ್ದ ನಿಧಾನಗತಿಯಲ್ಲಿ ಅಷ್ಟು ಅಂಕಿಗಳು ತಲುಪಲು ಎಂಟು ಗಂಟೆ ಹಿಡಿಯುತ್ತಿತ್ತು. ಚಿತ್ರಗಳನ್ನು ಹಿಡಿದಿಟ್ಟುಕೊಂಡಿದ್ದ ನೌಕೆಯ ಟೇಪ್ ರೆಕಾರ್ಡರ್ ಸರಿಯಾಗಿ ಕೆಲಸ ಮಾಡಿದೆಯೇ ಎಂಬ ಆತಂಕವೂ ಅವರಿಗಿತ್ತು. ಹಾಗಾಗಿ ಅಂಕಿಗಳನ್ನು ಕಾಗದದ ಪಟ್ಟಿಗಳಲ್ಲಿ ಮುದ್ರಿಸಿ, ಅವುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಯಾವ ಅಂಕಿಗೆ ಯಾವ ಬಣ್ಣ ಎಂದು ತಾವೇ ಗೊತ್ತುಮಾಡಿಕೊಂಡು ಬಣ್ಣದ ಬಳಪಗಳಿಂದ ತುಂಬುತ್ತ ಹೋದರು. ಕಂದು, ಕೆಂಪು, ಹಳದಿಯ ಆ ಹಾಳೆ ಇಂದಿಗೂ ಉಳಿದಿದೆ. ಮನುಷ್ಯರು ಕಂಡ ಮಂಗಳದ ಮೊದಲ ಸಮೀಪಚಿತ್ರ ಹೀಗೆ ಕೈಯಿಂದ ಬಣ್ಣ ತುಂಬಿದ್ದು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಆ ಬಾರಿ ಬಂದದ್ದು 21 ಪೂರ್ಣ ಚಿತ್ರಗಳು ಮತ್ತು ಇಪ್ಪತ್ತೆರಡನೆಯದರ ಒಂದು ತುಣುಕು. ಕಾಲುವೆಗಳನ್ನೂ ಹಸಿರನ್ನೂ ಕಲ್ಪಿಸಿಕೊಂಡಿದ್ದವರಿಗೆ ಅವುಗಳಲ್ಲಿ ಕಂಡದ್ದು ಚಂದ್ರನ ಮೇಲಿರುವಂಥ ಕುಳಿಗಳು.

ಮಂಗಳದ ಬಣ್ಣ ಯಾವುದು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಈ ಚಿತ್ರಗಳ ಬೆನ್ನು ಬಿಟ್ಟಿಲ್ಲ. 1976ರ ಜುಲೈ 20ರಂದು ವೈಕಿಂಗ್-1 ನೌಕೆ ಮಂಗಳದ ನೆಲಕ್ಕಿಳಿದ ಬಳಿಕ ಮೊದಲು ತೋರಿಸಿದ ಬಣ್ಣದ ಚಿತ್ರದಲ್ಲಿ ಆಕಾಶ ನಮ್ಮದರಂತೆಯೇ ನೀಲಿಯಾಗಿತ್ತು. ಬಣ್ಣಗಳನ್ನು ಸರಿಯಾಗಿ ಹೊಂದಿಸಿ ನೋಡಿದಾಗ ಅದು ಧೂಳು ತುಂಬಿದ ತಿಳಿಗೆಂಪು ಆಕಾಶವೆಂದು ತಿಳಿಯಿತು, ಮತ್ತು ಈ ತಿದ್ದುಪಡಿಯನ್ನು ಪ್ರಕಟಿಸಿದಾಗ ನೆರೆದಿದ್ದ ಪತ್ರಕರ್ತರು ಹುಸಿಮುನಿಸಿನಿಂದ ಗದ್ದಲ ಮಾಡಿದರು. ಇಂದಿಗೂ ವಿಜ್ಞಾನಿಗಳು ಒಂದೇ ದೃಶ್ಯವನ್ನು ಎರಡು ಬಗೆಯಲ್ಲಿ ಸಿದ್ಧಪಡಿಸುವುದುಂಟು: ಅಲ್ಲಿ ನಿಂತವರಿಗೆ ಕಾಣಬಹುದಾದ ಬಣ್ಣದಲ್ಲಿ ಒಂದು, ಭೂಮಿಯ ಹಗಲಿನ ಬೆಳಕು ಬಿದ್ದಂತೆ ತೋರುವ ಬಣ್ಣದಲ್ಲಿ ಇನ್ನೊಂದು. ಎರಡನೆಯದು ಭೂವಿಜ್ಞಾನಿಯ ಕಣ್ಣಿಗೆ ಕಲ್ಲುಗಳ ಗುರುತು ಸಿಗಲೆಂದು ಮಾಡಿದ್ದೇ ಹೊರತು ನೋಡುಗರನ್ನು ವಂಚಿಸಲು ಅಲ್ಲ.

ಅದೇ 1976ರಲ್ಲಿ ಕಕ್ಷೆಯಿಂದ ತೆಗೆದ ಒಂದು ಚಿತ್ರದಲ್ಲಿ, ಸೈಡೋನಿಯಾ ಪ್ರದೇಶದ ಗುಡ್ಡವೊಂದು ನೆರಳು ಬೆಳಕಿನ ಆಟದಿಂದ ಮನುಷ್ಯನ ಮುಖದಂತೆ ತೋರಿತು. 1998 ಮತ್ತು 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ತೆಗೆದ ಸ್ಪಷ್ಟ ಚಿತ್ರಗಳಲ್ಲಿ ಅದು ಬರಿಯ ಗುಡ್ಡವಾಗಿಯೇ ಕಂಡಿತು. ಆದರೆ ಆ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಬೇರೆ ಚಿತ್ರಗಳಿಲ್ಲದ್ದರಿಂದಲೇ ಆ ಮುಖದ ಕಥೆ ಅಷ್ಟು ಬಲವಾಗಿ ಬೇರೂರಿತು ಎಂಬುದು ನನ್ನ ಅನಿಸಿಕೆ.

ಮಂಗಳದ ನೆಲದ ಮೇಲೆ ಓಡಾಡುವ ಗಾಲಿಯಂತ್ರಗಳಾದ ರೋವರ್‌ಗಳ ಕಾಲ ಆರಂಭವಾದದ್ದು 1997ರ ಜುಲೈ 4ರಂದು. ಹನ್ನೊಂದು ಕಿಲೋ ಕೂಡ ತೂಗದ ಸೋಜರ್ನರ್ ಕಲ್ಲಿನಿಂದ ಕಲ್ಲಿಗೆ ಹೋಗುವುದನ್ನು ಜನ ಆಗಿನ್ನೂ ಎಳೆಯದಾಗಿದ್ದ ಅಂತರಜಾಲದಲ್ಲಿ ಮುಗಿಬಿದ್ದು ನೋಡಿದರು. ಆದರೂ ನಿಜವಾದ ತಿರುವು ಬಂದದ್ದು 2004ರ ಜನವರಿಯಲ್ಲಿ ಎಂದು ನಾನು ಭಾವಿಸುತ್ತೇನೆ. ಅದಕ್ಕೆ ಮುಂಚೆ ನೌಕೆಯ ದತ್ತಾಂಶವನ್ನು ಸಂಶೋಧಕರ ತಂಡಗಳು ತಿಂಗಳುಗಟ್ಟಲೆ ತಮ್ಮಲ್ಲೇ ಇಟ್ಟುಕೊಳ್ಳುವ ರೂಢಿಯಿತ್ತು; ಸ್ಪಿರಿಟ್ ಮತ್ತು ಆಪರ್ಚುನಿಟಿ ಎಂಬ ಅವಳಿ ರೋವರ್‌ಗಳ ವಿಜ್ಞಾನ ತಂಡದ ಮುಖ್ಯಸ್ಥ ಸ್ಟೀವ್ ಸ್ಕ್ವೈರ್ಸ್ ಅವರು ಬಂದ ಚಿತ್ರಗಳನ್ನು ತಿದ್ದದೆ, ಬಂದ ಹಾಗೆಯೇ ಸಾರ್ವಜನಿಕರಿಗೆ ತೆರೆದಿಟ್ಟರು. ಅಂಚು ಹರಿದ, ಬಣ್ಣವಿಲ್ಲದ ಕಚ್ಚಾ ಚಿತ್ರಗಳನ್ನು ಹವ್ಯಾಸಿಗಳು ರಾತ್ರಿಯಿಡೀ ಕುಳಿತು ಜೋಡಿಸಿ ವಿಶಾಲ ದೃಶ್ಯಗಳನ್ನಾಗಿಸತೊಡಗಿದರು. 1965ರ ಎಂಜಿನಿಯರುಗಳು ಬಳಪ ಹಿಡಿದು ಮಾಡಿದ ಕೆಲಸ ಈಗ ಯಾರ ಮನೆಯಲ್ಲಾದರೂ ನಡೆಯುವಂತಾಯಿತು. 2005ರ ಮೇ ತಿಂಗಳಲ್ಲಿ ಸ್ಪಿರಿಟ್ ಕಳಿಸಿದ ಸೂರ್ಯಾಸ್ತದ ಚಿತ್ರದಲ್ಲಿ ಸೂರ್ಯನ ಸುತ್ತ ನೀಲಿ ಹೊಳಪಿತ್ತು. ಅಲ್ಲಿನ ನುಣ್ಣನೆಯ ಧೂಳು ನೀಲಿ ಬೆಳಕನ್ನು ಮುಂದಕ್ಕೆ ಚದುರಿಸುವುದೇ ಅದಕ್ಕೆ ಕಾರಣ.

2012ರಲ್ಲಿ ಗೇಲ್ ಕುಳಿಗೆ ಇಳಿದ ಕ್ಯೂರಿಯಾಸಿಟಿ ರೋವರ್ ತನ್ನ ತೋಳಿನ ತುದಿಯ ಕ್ಯಾಮೆರಾದಿಂದ ಡಜನುಗಟ್ಟಲೆ ಚಿತ್ರ ತೆಗೆದು ಕಳಿಸಿದ ಸೆಲ್ಫಿ ಎಲ್ಲರಿಗೂ ನೆನಪಿದೆ. 2021ರ ಫೆಬ್ರುವರಿ 18ರಂದು ಪರ್ಸೆವೆರೆನ್ಸ್ ರೋವರ್ ಜೆಝೆರೊ ಕುಳಿಯ ನೆಲ ಮುಟ್ಟಿತೆಂದು ನಿಯಂತ್ರಣ ಕೊಠಡಿಯಿಂದ ಸಾರಿದವರು ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್. 2022ರ ಮೇ ತಿಂಗಳಲ್ಲಿ ಕ್ಯೂರಿಯಾಸಿಟಿಯ ಚಿತ್ರವೊಂದರಲ್ಲಿ ಬಂಡೆಗೆ ಕೊರೆದ ಬಾಗಿಲೊಂದನ್ನು ಕಂಡೆವೆಂದು ಹಲವರು ಹೇಳಿದಾಗ, ಅದು ಸುಮಾರು 30 ಸೆಂಟಿಮೀಟರ್ ಎತ್ತರದ ಬಿರುಕು ಎಂಬ ಉತ್ತರ ಕೆಲವೇ ದಿನಗಳಲ್ಲಿ ಸಿಕ್ಕಿತು. ಸೈಡೋನಿಯಾದ ಮುಖಕ್ಕೆ ಆ ಭಾಗ್ಯವಿರಲಿಲ್ಲ.

ನನ್ನನ್ನು ಬಹಳವಾಗಿ ಕಾಡುವುದು ಆಪರ್ಚುನಿಟಿಯ ಕೊನೆಯ ಚಿತ್ರ. ಮೂರು ತಿಂಗಳಿಗೆಂದು ಹೋಗಿ ಹದಿನಾಲ್ಕು ವರ್ಷ ದುಡಿದು, 45 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿದ್ದ ಆ ರೋವರ್, 2018ರ ಜೂನ್ 10ರಂದು ಧೂಳಿನ ಬಿರುಗಾಳಿ ಸೂರ್ಯನನ್ನು ಮುಚ್ಚಿದ್ದಾಗ ಮೇಲಕ್ಕೆ ನೋಡಿ ಚಿತ್ರ ತೆಗೆಯಿತು. ಅದರಲ್ಲಿರುವುದು ಕತ್ತಲು, ಕ್ಯಾಮೆರಾದ ಬಿಳಿ ಚುಕ್ಕೆಗಳು, ಮತ್ತು ಕೆಳಗೆ ಒಂದು ಕಪ್ಪು ಪಟ್ಟಿ. ಆ ಭಾಗ ಭೂಮಿಗೆ ತಲುಪಲೇ ಇಲ್ಲ.